ಮೆಮೊರಿ ತರಲು ಹೋದವನು

ಫ್ಯಾನಿನ ನೆರಳು ಕಂಪ್ಯೂಟರಿನ ಬೋರ್ಡಿನ ಮೇಲೆ ಹಾದು ಹಾದು ಹೋಗುತ್ತಿತ್ತು, ಒಂದು ರೆಕ್ಕೆ, ಮತ್ತೊಂದು ರೆಕ್ಕೆ, ನೆರಳು ಬಂದಾಗ ಆ ಹಸಿರು ಹಲಗೆಯ ಮೇಲಿನ ಬೆಳ್ಳಿ ಚುಕ್ಕೆಗಳೆಲ್ಲ ಆರಿಹೋಗಿ, ಸರಿದಾಗ ಮತ್ತೆ ಹೊತ್ತಿಕೊಳ್ಳುತ್ತಿದ್ದವು, ಸ್ಕ್ರೂಡ್ರೈವರ್ ಹಿಡಿದ ಕೈಯನ್ನು ಸಲ್ಮಾ ಹಾಗೇ ಎತ್ತಿಕೊಂಡು ಕೂತಿದ್ದಳು, ನೆರಳು ನಿಂತ ಮೇಲೆ ಇಳಿಸೋಣ ಎನ್ನುವ ಹಾಗೆ, ಕರೆಂಟು ಇರುವ ತನಕ ಅದು ನಿಲ್ಲುವುದಿಲ್ಲ ಎಂದು ಗೊತ್ತಿದ್ದೂ, ಹರಪನಹಳ್ಳಿಯಲ್ಲಿ ಕರೆಂಟು ಇರುವುದೇ ಇಷ್ಟು ಹೊತ್ತು, ಮಸೀದಿಯ ಮಧ್ಯಾಹ್ನದ ಬಾಂಗಿಗೆ ಮೊದಲೇ ಹೋಗಿಬಿಡುತ್ತದೆ, ಅಷ್ಟರೊಳಗೆ ಮುಗಿಸಬೇಕು, ಮುಗಿಯುತ್ತದೋ ಇಲ್ಲವೋ – ಪರದೆಯ ಆಚೆ ಬೆಂಚು ಕಿರ್ ಎಂದಿತು, ಪ್ರೆಸ್ಸಿನ ಪಂಚಾಕ್ಷರಪ್ಪ ಕೆಮ್ಮಿದರು, ಅದು ಕಫದ ಕೆಮ್ಮಲ್ಲ, ನಾನು ಇಲ್ಲೇ ಇದ್ದೀನಿ ಎಂದು ತಿಳಿಸುವ ಕೆಮ್ಮು. ತಂಗೀ, ಏನಾರ ಬೇಕೇನವ್ವಾ ಎಂದರು. ಏನೂ ಬ್ಯಾಡ್ರಿ ಅಣ್ಣಾರ, ಕುಂದರ್ರಿ ನೀವು, ಎಂದಳು, ಎಂದ ಮೇಲೆ ತನ್ನ ದನಿ ತನಗೇ ಬೇರೆ ಯಾರದೋ ಅನ್ನಿಸಿತು, ಈ ಎರಡು ತಿಂಗಳಲ್ಲಿ ಹೊರಗಿನ ಗಂಡಸರ ಜೊತೆ ಆಡಿದ್ದು ನಾಲ್ಕೋ ಐದೋ ಮಾತು, ಅದೂ ಈ ಪರದೆಯ ಮೂಲಕ, ಪರದೆ ಎಂದರೆ ಅತ್ತೆ ರಹಿಮತ್ ಬೀಯ ಹಳೆಯ ಚಾದರ, ಅಂಗಡಿಗೂ ನಡುಮನೆಗೂ ನಡುವೆ ಎರಡು ಮೊಳೆಗೆ ಕಟ್ಟಿದ್ದು, ಗಂಡ ತೀರಿದವಳು ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟುವಂತಿಲ್ಲ, ಪರಗಂಡಸರ ಕಣ್ಣಿಗೆ ಬೀಳುವಂತಿಲ್ಲ, ಕೆಲಸ ಮಾಡಬಾರದು ಅಂತ ಎಲ್ಲಿ ಹೇಳೈತಿ ಅಮ್ಮೀ ಎಂದು ಸಲ್ಮಾ ಕೇಳಿದ್ದಕ್ಕೆ ಮುದುಕಿ ತಾನೇ ಎದ್ದು ಸ್ಟೂಲು ಹತ್ತಿ ಚಾದರ ಕಟ್ಟಿದ್ದಳು, ಈಗ ಮೂಲೆಯಲ್ಲಿ ಚಾಪೆಯ ಮೇಲೆ ಕೂತು ತಸ್ಬೀ ಎಣಿಸುತ್ತಿದ್ದಾಳೆ, ಟಕ್, ಟಕ್, ಮಣಿಗೆ ಮಣಿ ತಾಗುವ ಸದ್ದು, ಆ ಸದ್ದು ಇರುವ ತನಕ ಮುದುಕಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಾಳೆ ಎಂದೇ ಅರ್ಥ.

ಮೇಜು ಗಂಡ ಇಶ್ತಿಯಾಕನದು, ಅವನು ಬಿಟ್ಟುಹೋದ ಹಾಗೇ ಇತ್ತು, ಮೈದುನ ಮುನಾವರ ಅದನ್ನು ಅಂಗಡಿಯಿಂದ ಒಳಕ್ಕೆ ಎಳೆದು ತರುವಾಗಲೂ ಸಲ್ಮಾ ಮೇಲಿನ ಸಾಮಾನುಗಳ ಮೇಲೆ ಎರಡೂ ಕೈ ಹರವಿಕೊಂಡು ಜೊತೆಯಲ್ಲೇ ನಡೆದು ಬಂದಿದ್ದಳು, ಹೊಸ ಮದರ್‌ಬೋರ್ಡು ತನ್ನ ರಟ್ಟಿನ ಡಬ್ಬಿಯ ಮೇಲೆ ಮಲಗಿತ್ತು, ಪ್ರೊಸೆಸರ್ ಕೂರಿಸಿ ಅದರ ಪುಟ್ಟ ಫ್ಯಾನೂ ಬಿಗಿದಾಗಿತ್ತು, ಅಷ್ಟು ಮಾಡಿ ಎದ್ದವನು ಮತ್ತೆ ಬರಲಿಲ್ಲ, ಪಕ್ಕದಲ್ಲಿ ಪಂಚಾಕ್ಷರಪ್ಪನವರ ಕಂಪ್ಯೂಟರಿನ ಖಾಲಿ ಕ್ಯಾಬಿನೆಟ್ಟು, ವೈರುಗಳು ಹೊರಗೆ ಇಳಿಬಿದ್ದು, ಅದರ ಪಕ್ಕ ಕಿತ್ತಿಟ್ಟ ಹಳೆಯ ಬೋರ್ಡು, ಅದರ ಮೇಲಿನ ಸಣ್ಣ ಸಣ್ಣ ಡಬ್ಬಿಗಳು ತಲೆ ಉಬ್ಬಿಸಿಕೊಂಡು ಕಂದು ರಸ ಒಸರಿದ್ದವು, ಕರೆಂಟಿನ ಏರಿಳಿತ ತಡೀಲಿಲ್ಲ ಅಣ್ಣಾ, ಇದು ಮುಗೀತು, ಬೋರ್ಡು ಬದಲು ಮಾಡಬೇಕು ಎಂದು ಇಶ್ತಿಯಾಕ ಹೇಳಿದ್ದ, ಪಂಚಾಕ್ಷರಪ್ಪ ತಲೆಯ ಮೇಲೆ ಕೈ ಇಟ್ಟುಕೊಂಡಿದ್ದರು, ಲಗ್ನದ ಸುಗ್ಗಿ, ಪ್ರೆಸ್ಸಿನ ತುಂಬ ಪತ್ರಿಕೆಯ ಕೆಲಸ, ಅಕ್ಷರ ಜೋಡಿಸುವುದೆಲ್ಲ ಈ ಒಂದೇ ಕಂಪ್ಯೂಟರಿನಲ್ಲಿ, ನಾಳಿಗಿ ಬೇಕೇ ಬೇಕಪ್ಪಾ ಇಶ್ತಿಯಾಕ, ಮಂದಿಗಿ ಮಾರಿ ತೋರ್ಸಂಗಿಲ್ಲ ನಾನು, ಎಂದಿದ್ದರು, ಅದೇ ಮಾತು ಈಗ ಅವರನ್ನು ಇರಿಯುತ್ತಿದೆ. ಮರುದಿನ ಬೆಳಿಗ್ಗೆ ಇಶ್ತಿಯಾಕ ಅಡುಗೆಮನೆಯ ಬಾಗಿಲಿಗೆ ಬಂದು, ಹಳೇ ಮೆಮೊರಿ ಈ ಬೋರ್ಡಿಗಿ ಕೂಡಂಗಿಲ್ಲ, ಅದು ನಿಧಾನದ್ದು, ಕೊಟ್ಟೂರಾಗ ಒಬ್ಬರ ಹತ್ರ ಇದಕ್ಕ ಹೊಂದೋದು ಐತಿ, ತರ್ತೀನಿ, ಎಂದ, ಊಟಕ್ಕ ಬರ್ತೀರಾ ಎಂದು ಅವಳು ಕೇಳಿದಳು, ಹ್ಞೂ ಎಂದ, ಆ ಹ್ಞೂ ಕೊನೆಯದು. ಆದರೆ ಸುದ್ದಿ ಬಂದದ್ದು ಕೊಟ್ಟೂರು ದಾರಿಯಿಂದಲ್ಲ, ಹಲವಾಗಲು ದಾರಿಯಿಂದ, ಹೊಳೆಯಿಂದ ಮರಳು ಹೇರಿಕೊಂಡು ಬರುತ್ತಿದ್ದ ಟ್ರ್ಯಾಕ್ಟರು ತಿರುವಿನಲ್ಲಿ ಬೈಕಿಗೆ ಗುದ್ದಿತ್ತು, ಕೊಟ್ಟೂರು ಎಲ್ಲಿ ಹಲವಾಗಲು ಎಲ್ಲಿ, ಒಂದು ಮೂಡಲಿಗೆ ಒಂದು ಪಡುವಲಿಗೆ, ಎಂದು ಯಾರೋ ಕೇಳಿದ್ದಕ್ಕೆ ಮೈದುನ ಮುನಾವರನೇ ಉತ್ತರ ಹುಡುಕಿದ್ದ, ಹಲವಾಗಲು ಕಡಿ ಯಾರದರ ಹಳೇ ಕಂಪ್ಯೂಟರಿನಾಗ ಅಂಥಾ ಮೆಮೊರಿ ಇರ್ತಾವ, ನೆಪ್ಪಾಗಿ ಅತ್ತ ತಿರುಗ್ಯಾನ ಅಣ್ಣ, ಹೌದು ಹೌದು ಎಂದರು ಎಲ್ಲರೂ, ಸಲ್ಮಾಳೂ, ಸತ್ತವರ ಮನೆಯಲ್ಲಿ ಒಂದು ಉತ್ತರ ಸಿಕ್ಕರೆ ಅದನ್ನು ಯಾರೂ ತಿರುವಿ ನೋಡುವುದಿಲ್ಲ.

ರಹಿಮತ್ ಬೀ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಾಳೆ, ಹಲಾಲ್ ದುಡಿಮಿಗಿ ಹೋಗಿ ತೀರಿಕೊಂಡ ನನ್ನ ಮಗ, ಕೊಟ್ಟ ಮಾತಿಗಿ ಹೋಗಿ ತೀರಿಕೊಂಡ, ಅಂಥಾ ಸಾವು ಎಲ್ಲರಿಗಿ ಬರಂಗಿಲ್ಲ, ಹೇಳುವಾಗ ಬೆನ್ನು ನೆಟ್ಟಗಾಗುತ್ತದೆ, ಅದೇ ಮಾತನ್ನು ಪರದೆಯ ಆಚೆ ಕೂತು ಕೇಳುವ ಪಂಚಾಕ್ಷರಪ್ಪನ ಬೆನ್ನು ಬಾಗುತ್ತದೆ, ಸಲ್ಮಾ ಕಂಡಿಲ್ಲ, ಬೆಂಚಿನ ಸದ್ದಿನಲ್ಲೇ ಗೊತ್ತಾಗುತ್ತದೆ. ಇದು ಅವರು ಬರುವ ನಾಲ್ಕನೆಯ ಸಲವೋ ಐದನೆಯದೋ, ಒಂದು ಸಲವೂ ಕಂಪ್ಯೂಟರ್ ಕೊಡ್ರಿ ಎಂದು ಕೇಳಲಿಲ್ಲ, ನಾನು ಅವಸರ ಮಾಡದಿದ್ರ ಅಂವ ಹೋಗ್ತಿದ್ದಿಲ್ಲ ತಂಗೀ, ನನ್ನ ಪತ್ರಿಕಿ ಎರಡು ದಿನ ತಡಾ ಆಗಿದ್ರ ಯಾರ ಲಗ್ನ ನಿಲ್ತಿತ್ತು ಹೇಳು, ಎಂದು ಮೊದಲ ಸಲ ಹೇಳಿ ಅತ್ತರು, ಗಂಡಸರು ಅಳುವ ಸದ್ದು ಮುಚ್ಚಿದ ಬಾಗಿಲನ್ನು ದಬ್ಬಿದ ಹಾಗಿರುತ್ತದೆ, ಎರಡನೆಯ ಸಲ ಬಂದಾಗ ಅಳಲಿಲ್ಲ, ಪ್ರೆಸ್ಸು ತೆಗದೇ ಇಲ್ರಿ ನಾನು ಎಂದರು ಅಷ್ಟೆ, ಅವರ ಹೆಂಡತಿ ಪುಷ್ಪಲತಾ ಬಂದು ಸಲ್ಮಾಳ ಕೈ ಹಿಡಿದುಕೊಂಡು, ಸರಿಯಾಗಿ ಉಣ್ಣಂಗಿಲ್ಲವ್ವ, ಮೂರು ಮಂದಿ ಕೆಲಸದೋರನ್ನ ಮನಿಗಿ ಕಳಿಸ್ಯಾರ, ಬ್ಯಾರೆ ಕಂಪ್ಯೂಟರ್ ತಗೋರ್ರಿ ಅಂದ್ರ ಹಾವು ತುಳಿದಂಗ ಮಾಡ್ತಾರ, ನೀನಾರ ಒಂದು ಮಾತು ಹೇಳು, ಎಂದು ಹೋದಳು, ಏನು ಹೇಳುವುದು, ನಿಮ್ಮ ತಪ್ಪಲ್ಲ ಅಣ್ಣಾರ ಎಂದಳು ಸಲ್ಮಾ, ಹೇಳಿದ್ದು ಬಾಯಿ, ಒಳಗೆ ಮಾತ್ರ, ನಿಮ್ಮದೇ, ನಿಮ್ಮ ಅವಸರದ್ದೇ, ಎಂದು ಹಲ್ಲು ಕಡಿಯುತ್ತಿತ್ತು, ಅದೂ ಅವರಿಗೆ ಕೇಳಿಸಿರಬೇಕು.

ಈ ಬೋರ್ಡನ್ನು ಕೂರಿಸಬೇಕು ಎಂದು ಯಾಕೆ ಹಟ ಹಿಡಿದಳೋ, ಮುನಾವರ ಗುಜರಿಯವನನ್ನು ಕರೆಯುತ್ತೀನಿ ಎಂದ ದಿನ ಮೇಜಿಗೆ ಅಡ್ಡ ನಿಂತಳು, ಭಾಬಿ, ಇವೆಲ್ಲಾ ಇಟ್ಕೊಂಡು ಏನು ಮಾಡ್ತೀರಿ, ಇಲ್ಲಿ ನನ್ನ ಮೈಕ್‌ಸೆಟ್ ಸಾಮಾನು ಇಡ್ತೀನಿ, ಬಾಡಿಗಿ ಉಳೀತೈತಿ, ಎಂದ ಅವನು, ಕೆಟ್ಟವನಲ್ಲ ಮುನಾವರ, ಅಣ್ಣನ ಅಂಗಡಿಯ ಬಾಗಿಲು ತೆರೆಯಲು ಬಂದವನು ಒಳಗೆ ಕಾಲಿಡಲಾರದೆ ಬೀಗ ಕೈಯಲ್ಲಿ ಹಿಡಿದು ನಿಂತದ್ದನ್ನು ಅವಳು ಕಂಡಿದ್ದಳು, ಉಳಿದದ್ದೆಲ್ಲಾ ಗುಜರಿಗಿ ಕೊಡು, ಈ ಒಂದು ಕೆಲಸ ಮುಗಿಸಿ ಕೊಡ್ತೀನಿ, ಎಂದಳು, ನಿಮಗ ಬರ್ತೈತೇನು ಎಂದ, ಬರ್ತೈತಿ ಎಂದಳು. ಬರುತ್ತದೆ, ಬರದೆ ಏನು, ವರ್ಷಗಟ್ಟಲೆ ಈ ಮೇಜಿನ ಎದುರು ಕೂತು ಸ್ಕ್ರೂ ಎತ್ತಿಕೊಟ್ಟಿದ್ದಾಳೆ, ಮಕ್ಕಳಿಲ್ಲದ ಮನೆಯಲ್ಲಿ ಮಧ್ಯಾಹ್ನಗಳು ಉದ್ದ, ಮೊದಮೊದಲು ಅವನು ಬಾಯಿ ತುಂಬ ಹೇಳುತ್ತಿದ್ದ, ಇದು ನೋಡು, ಕೆಳಗ ಹಿತ್ತಾಳಿ ಕಾಲು ಹಾಕಬೇಕು, ಬೋರ್ಡು ತಗಡಿಗಿ ತಾಗಬಾರದು, ತಾಗಿದ್ರ ಸುಟ್ಟು ಹೋಗ್ತೈತಿ, ಮುಟ್ಟೋ ಮೊದಲು ಕ್ಯಾಬಿನೆಟ್ಟಿನ ಕಬ್ಬಿಣ ಮುಟ್ಟು, ಮೈಯಾಗಿನ ಕರೆಂಟು ಇಳೀಲಿ, ಅವಳು ನಕ್ಕು, ನನ್ನ ಮೈಯಾಗ ಎಲ್ಲೈತ್ರಿ ಕರೆಂಟು ಎಂದರೆ ಅವನು ಅಡುಗೆಮನೆಯ ಕಡೆ, ಅಮ್ಮನ ಕಡೆ, ಕಳ್ಳನ ಹಾಗೆ ನೋಡಿ ನಗುತ್ತಿದ್ದ, ಆ ನಗು ಯಾವಾಗ ನಿಂತಿತು, ಯಾವ ವರ್ಷ, ನಿಂತದ್ದೇ ಗೊತ್ತಾಗಲಿಲ್ಲ, ಮಾತು ಸಣ್ಣದಾಗುತ್ತ ಬಂತು, ಹ್ಞೂ, ಊಹ್ಞೂ, ನೋಡೋಣು, ರಾತ್ರಿ ಗೋಡೆಯ ಕಡೆ ಮುಖ ಮಾಡಿ ಮಲಗಿದರೆ ಬೆನ್ನು ಕೂಡ ಅಂಗಡಿ ಮುಚ್ಚಿದ ಹಾಗೆ, ಅವನ ಮಾತು ಕಡಿಮೆಯಾದಷ್ಟೂ ಇವಳದು ಹೆಚ್ಚಾಯಿತು, ಖಾಲಿ ಬಿಟ್ಟರೆ ಏನೋ ನುಗ್ಗಿಬಿಡುತ್ತದೆ ಎನ್ನುವ ಹಾಗೆ, ಅಮ್ಮೀ ಗುಳಗಿ ಮುಗಿದಾವ, ಮುನಾವರ ಪಾಲಿನ ಮಾತು ತೆಗದಿದ್ದ, ಮಾಳಿಗಿ ಸೋರ್ತೈತಿ, ಎಲ್ಲಿ ಹೋಗಿದ್ರಿ, ಯಾಕ ತಡಾ ಆತು. ಕ್ಯಾಬಿನೆಟ್ಟಿನ ಕಬ್ಬಿಣ ಮುಟ್ಟಿದಳು, ತಣ್ಣಗಿತ್ತು, ಬೋರ್ಡನ್ನು ಎರಡೂ ಅಂಚಿನಲ್ಲಿ ಹಿಡಿದು ಓರೆಯಾಗಿ ಒಳಗೆ ಇಳಿಸಿದಳು, ಕೂಸನ್ನು ತೊಟ್ಟಿಲಿಗೆ ಹಾಕುವಂತೆ ಎಂದು ಬೇರೆಯವರಾದರೆ ಅಂದುಕೊಂಡಾರು, ಅವಳು ಹಾಗೆ ಅಂದುಕೊಳ್ಳಲಿಲ್ಲ, ಆ ಕಡೆ ಯೋಚನೆ ಹೋಗದಂತೆ ಕಟ್ಟಿಹಾಕಿ ಬಹಳ ಕಾಲವಾಗಿತ್ತು, ಹಿತ್ತಾಳೆಯ ಕಾಲುಗಳ ಮೇಲೆ ತೂತುಗಳು ಸರಿಯಾಗಿ ಬಂದವು, ಒಂದು ಸ್ಕ್ರೂ, ಪೂರ್ತಿ ಬಿಗಿಯಬಾರದು, ಎಲ್ಲ ಕೂತ ಮೇಲೆ ಬಿಗಿಯಬೇಕು, ಎರಡು, ಮೂರು, ಒಂದು ಸ್ಕ್ರೂ ಬೆರಳಿನಿಂದ ಜಾರಿ ಬೋರ್ಡಿನ ಸಂದಿಗೆ ಬಿತ್ತು, ಮೆಲ್ಲಗೆ ಅಲುಗಾಡಿಸಿ ಚಿಮಟಿಗೆಯಿಂದ ಎತ್ತಿದಳು, ಟಕ್, ಟಕ್, ಮೂಲೆಯಲ್ಲಿ ಮಣಿಗಳು.

ದಪ್ಪ ಕರೆಂಟಿನ ವೈರು ಕೂತಿತು, ಹಾರ್ಡ್ ಡಿಸ್ಕಿನ ಅಗಲ ಪಟ್ಟಿ ಕೂತಿತು, ಉಳಿದದ್ದು ಮೆಮೊರಿ, ಸಲ್ಮಾ ಹೇಳಿ ಕಳಿಸಿದ ಮೇಲೆ ಪಂಚಾಕ್ಷರಪ್ಪ ದಾವಣಗೆರೆಯಿಂದ ತಂದದ್ದು, ಗುಲಾಬಿ ಪ್ಲಾಸ್ಟಿಕ್ಕಿನ ಹೊದಿಕೆಯೊಳಗೆ ಹೊಸದಾಗಿ ಹೊಳೆಯುತ್ತಿತ್ತು, ಹೊಸಾ ಬೋರ್ಡು ಅಂದ್ರ ಹೊಸಾ ಮೆಮೊರಿ ಒಯ್ರಿ, ಈಗ ಇದಽ ಬರೋದು ಅಂದ್ರು ಅಂಗಡ್ಯಾಗ, ಎಂದು ಪರದೆಯ ಕೆಳಗಿನಿಂದ ಸರಿಸಿದ್ದರು, ಅವರ ಬೆರಳ ತುದಿಗೆ ಎಂದೂ ಹೋಗದ ಮಸಿಯ ಕಲೆ. ಸಲ್ಮಾ ಅದನ್ನು ಬೋರ್ಡಿನ ಮೇಲಿನ ಉದ್ದ ಸೀಳಿಗೆ ಇಟ್ಟು ಎರಡು ಹೆಬ್ಬೆರಳಿನಿಂದ ಒತ್ತಿದಳು, ಇಳಿಯಲಿಲ್ಲ, ತಿರುವಿ ಇಟ್ಟಳು, ಇಳಿಯಲಿಲ್ಲ, ಬೋರ್ಡು ಬಾಗಿತು, ತಟ್ಟನೆ ಕೈ ತೆಗೆದಳು, ಒತ್ತಬ್ಯಾಡ ಎಂದಿದ್ದ ಅವನು ಎಂದೋ, ಕೂಡದಿದ್ರ ಒತ್ತಬ್ಯಾಡ, ಕಚ್ಚು ನೋಡು, ಮೆಮೊರಿ ಪಟ್ಟಿಯೊಳಗ ಒಂದು ಕಚ್ಚು ಐತಿ, ಸೀಳಿನೊಳಗ ಒಂದು ಗೂಟ ಐತಿ, ಅದಕ್ಕಿದು ಹೊಂದಬೇಕು, ಹೊಂದದಿದ್ರ ಅದು ಬ್ಯಾರೆ ಜಾತಿದು. ಕಣ್ಣಿನ ಹತ್ತಿರ ಹಿಡಿದು ನೋಡಿದಳು, ಕಚ್ಚು ಇತ್ತು, ಆದರೆ ಗೂಟಕ್ಕಿಂತ ಒಂದು ಜೋಳದ ಕಾಳಿನಷ್ಟು ಆಚೆ, ದಾವಣಗೆರೆಯವರು ಹೊಸದು ಎಂದು ತೀರಾ ಹೊಸ ಜಾತಿಯದನ್ನು ಕೊಟ್ಟಿದ್ದರು. ಏನಾತವ್ವಾ ಎಂದಿತು ಪರದೆ. ಇದು ಹೊಂದವಲ್ದ್ರಿ ಅಣ್ಣಾರ. ಅಯ್ಯೋ ಶಿವನಽ, ಎಂದು ಬೆಂಚು ನರಳಿತು, ಮತ್ತ ದಾವಣಗೆರಿಗಿ ಹೋಗ್ಲಾ, ಈಗ ಹೋಗಿ ಸಂಜಿಗಿ ಬರ್ತೀನಿ, ಎಂದು ಎದ್ದರು, ಬ್ಯಾಡ, ಎಂದಳು ಸಲ್ಮಾ, ಎಷ್ಟು ಜೋರಾಗಿ ಎಂದಳೆಂದರೆ ಮೂಲೆಯ ಮಣಿ ಒಂದು ಗಳಿಗೆ ನಿಂತಿತು, ಈ ಮೆಮೊರಿಯ ಸಲುವಾಗಿ ಮತ್ತೊಬ್ಬರು ರಸ್ತೆಗೆ ಇಳಿಯುವುದು ಬೇಡ, ಕುಂದರ್ರಿ, ಅಳತಿ ನೋಡಿ ಹೇಳ್ತೀನಿ, ಬರಕೊಂಡು ಹೋಗೀರಂತ. ಅಳತೆ ನೋಡಲಿಕ್ಕೆಂದೇ, ಬೇರೆ ಯಾತಕ್ಕೂ ಅಲ್ಲ, ಕಚ್ಚಿನ ಜಾಗಕ್ಕೂ ಕಚ್ಚಿನ ಜಾಗಕ್ಕೂ ಎಷ್ಟು ಅಂತರ ಎಂದು ಹೋಲಿಸಲಿಕ್ಕೆ, ಮೇಜಿನ ಮೇಲೆ ಬಿದ್ದಿದ್ದ ಹಳೆಯ ಮೆಮೊರಿಯನ್ನು ಕೈಗೆತ್ತಿಕೊಂಡಳು, ಧೂಳು ಕೂತಿತ್ತು, ಸೆರಗಿನ ತುದಿಯಿಂದ ಒರೆಸಿದಳು, ಅದನ್ನು ಸೀಳಿನ ಮೇಲೆ ಆನಿಸಿ ಹಿಡಿದಳು, ಕಚ್ಚು ಗೂಟದ ನೆತ್ತಿಗೇ ಬಂತು.

ಕೂಡಂಗಿಲ್ಲ ಎಂದಿದ್ದನಲ್ಲ. ಕಚ್ಚು ಹೊಂದಿದರೂ ಒಳಗಿನದು ಹೊಂದುವುದಿಲ್ಲವೇನೋ, ನಿಧಾನದ್ದು ಎಂದಿದ್ದ, ಒತ್ತಿದಳು, ಒತ್ತಲೇ ಇಲ್ಲ, ಬೆರಳು ಇಟ್ಟಳು ಅಷ್ಟೆ, ಅದು ತಾನಾಗಿ ಇಳಿದು ಎರಡೂ ಕಡೆಯ ಕಿವಿಗಳು ಟಪ್ ಟಪ್ ಎಂದು ಮುಚ್ಚಿಕೊಂಡವು, ಈಗಾಗಲೇ ಒಮ್ಮೆ ಅಲ್ಲಿ ಕೂತೆದ್ದ ಹಾಗೆ. ಮಾನಿಟರಿನ ವೈರು ಹಚ್ಚಿದಳು, ಸ್ವಿಚ್ಚು ಹಾಕಿದಳು, ಕ್ಯಾಬಿನೆಟ್ಟಿನ ಗುಂಡಿ ಒತ್ತಿದಳು, ಫ್ಯಾನು ಗುಯ್ ಎಂದಿತು, ಮತ್ತೆ – ಪೀಂ – ಒಂದೇ ಒಂದು, ಚಿಕ್ಕದು, ಒಂದು ಪೀಂ ಅಂದ್ರ ಎಲ್ಲಾ ಚಲೋ ಐತಿ ಅಂತ ಅರ್ಥ, ಉದ್ದಕ್ಕ ಕೂಗಿಕೊಂತ ಹೋದ್ರ ಮೆಮೊರಿ ಹೊಂದಿಲ್ಲ ಅಂತ ಅರ್ಥ, ಅವನೇ ಹೇಳಿದ್ದು, ಕಪ್ಪು ಮಾನಿಟರಿನ ಮೇಲೆ ಬಿಳಿ ಅಂಕಿಗಳು ಓಡಿ ಓಡಿ ನಿಂತವು, ಮೆಮೊರಿ ಎಣಿಸಿ ಸರಿ ಇದೆ ಎಂದು ಮುಂದಕ್ಕೆ ಹೋಯಿತು, ಹಾರ್ಡ್ ಡಿಸ್ಕು ಕುರುಕುರು ಎಂದಿತು. ಬಂತೇನವ್ವಾ, ಬಂತೇನು, ಎಂದು ಪಂಚಾಕ್ಷರಪ್ಪ ಕೂಗಿದರು, ಆ ಪೀಂ ಸಲ್ಮಾಳ ಕಿವಿಯಲ್ಲಿ ಇನ್ನೊಂದು ಪೀಂ ಅನ್ನು ಎಬ್ಬಿಸಿತ್ತು, ಆ ಬೆಳಿಗ್ಗೆ, ಹೆಂಚಿನ ಮೇಲೆ ರೊಟ್ಟಿ ತಿರುವಿ ಹಾಕುತ್ತಿದ್ದಳು, ಅಂಗಡಿಯಿಂದ ಪೀಂ ಎಂದು ಬಂತು, ಒಂದೇ ಒಂದು, ಚಿಕ್ಕದು, ಆಗ ಅದೇನೂ ಅನ್ನಿಸಲಿಲ್ಲ, ದಿನಾ ಕೇಳುವ ಸದ್ದು, ಆದರೆ ಆ ಬೆಳಿಗ್ಗೆ ಅಂಗಡಿಯಲ್ಲಿ ಇದ್ದದ್ದು ಇದೊಂದೇ ಕಂಪ್ಯೂಟರು, ಬೇರೆ ಯಾವುದೂ ಇರಲಿಲ್ಲ, ಮುನಾವರ ಆಮೇಲೆ ಗಿರಾಕಿಗಳ ಸಾಮಾನು ತಿರುಗಿ ಕೊಡಲು ಹುಡುಕಿದಾಗಲೂ ಸಿಕ್ಕದ್ದು ಇದೊಂದೇ. ಮೊದಲು ಬೋರ್ಡನ್ನು ಡಬ್ಬಿಯ ಮೇಲೆ ಇಟ್ಟು ನಡೆಸಿ ನೋಡುವುದು ಅವನ ರೂಢಿ, ನಡೆಸಿ ನೋಡಿದ್ದಾನೆ, ಇದೇ ಹಳೆಯ ಮೆಮೊರಿಯನ್ನು ಹಾಕಿ ನಡೆಸಿದ್ದಾನೆ, ಪೀಂ ಎಂದಿದೆ, ಆಮೇಲೆ ಅದನ್ನು ಕಿತ್ತು ಮೇಜಿನ ಮೇಲೆ ಇಟ್ಟು, ಕೈ ಒರೆಸಿಕೊಂಡು, ಅಡುಗೆಮನೆಯ ಬಾಗಿಲಿಗೆ ಬಂದು, ಹಳೇ ಮೆಮೊರಿ ಈ ಬೋರ್ಡಿಗಿ ಕೂಡಂಗಿಲ್ಲ ಎಂದಿದ್ದಾನೆ. ಮತ್ತು ಅವನೇ, ಬಾಯಿ ತುಂಬ ಮಾತಾಡುತ್ತಿದ್ದ ಕಾಲದಲ್ಲಿ, ಮೆಮೊರಿ ನಿಧಾನದ್ದು ಇದ್ರ ಬೋರ್ಡೂ ತನ್ನ ನಡಿಗಿ ಕಡಿಮಿ ಮಾಡ್ಕೊಂತೈತಿ, ಮುದುಕರ ಜತಿ ನಡೆಯೋರು ನಡೀತಾರಲ್ಲ ಹಂಗ, ಎಂದಿದ್ದ, ಅದೂ ಈಗ ನೆನಪಿಗೆ ಬರಬೇಕೇ.

ಸುಳ್ಳು ಹೇಳಿ ಹೋದ. ಯಾರ ಹತ್ತಿರ, ಹಲವಾಗಲಲ್ಲಿ ಯಾರು, ಒಂದು ಹೆಂಗಸಿನ ಮುಖವನ್ನು ಕಟ್ಟಲು ನೋಡಿದಳು, ಮುಖ ಬರಲಿಲ್ಲ, ಬಂದಿದ್ದರೆ ಒಳ್ಳೆಯದಿತ್ತೇನೋ, ಬೈಯಲಿಕ್ಕೆ ಒಂದು ಹೆಸರಾದರೂ ಸಿಗುತ್ತಿತ್ತು, ಕಣ್ಣ ಮುಂದೆ ಬಂದದ್ದು ಪೊಲೀಸರು ಮುನಾವರನ ಕೈಗೆ ಕೊಟ್ಟ ಸಾಮಾನು, ಬೈಕಿನ ಡಬ್ಬಿಯಲ್ಲಿದ್ದದ್ದು, ಒಂದು ಟವೆಲು, ಒಂದು ಮಂಡಕ್ಕಿಯ ಪೊಟ್ಟಣ, ಅದರೊಳಗೆ ಕಾಗದದಲ್ಲಿ ಸುತ್ತಿದ ಒಂದೇ ಒಂದು ಹಸಿಮೆಣಸಿನಕಾಯಿ, ಹಸಿವಾಗಿರಬೇಕು ಅಣ್ಣಗ ಎಂದಿದ್ದ ಮುನಾವರ, ಎರಡು ರೊಟ್ಟಿ ತಿಂದು ಹೋದವನಿಗೆ ಆಗಲೇ ಯಾವ ಹಸಿವು, ಒಬ್ಬನಿಗಾಗುವಷ್ಟು ಮಂಡಕ್ಕಿ, ಒಬ್ಬನಿಗಾಗುವಷ್ಟು ಮೆಣಸಿನಕಾಯಿ, ಒಂದು ಟವೆಲು, ಹೊಳೆ. ಯಾರ ಹತ್ತಿರವೂ ಅಲ್ಲ. ಹಲವಾಗಲಿನ ಹೊಳೆಯ ದಂಡೆಗೆ, ಒಬ್ಬನೇ, ಸುಮ್ಮನೆ ಕೂರಲಿಕ್ಕೆ. ಹೊಳಿಗಿ ಹೋಗಿ ಕುಂತು ಬರ್ತೀನಿ ಎಂದಿದ್ದರೆ ನಾನು ಬೇಡ ಅಂತಿದ್ದೆನೇ, ಅಂತಿದ್ದೆ, ಕೆಲಸ ಇಟ್ಟುಕೊಂಡು ಯಾತರ ಹೊಳಿ ಅಂತಿದ್ದೆ, ಪಂಚಾಕ್ಷರಪ್ಪಣ್ಣ ಕಾಯ್ತಾರ ಅಂತಿದ್ದೆ, ಅಮ್ಮೀ ಯಾಕ ಎಂದು ಕೇಳುತ್ತಿದ್ದಳು, ಮುನಾವರ ಯಾರ ಜತಿ ಎಂದು ಕೇಳುತ್ತಿದ್ದ, ಈ ಮನೆಯ ಹೊಸ್ತಿಲು ದಾಟಬೇಕಾದರೆ ಕೈಯಲ್ಲಿ ಒಂದು ಕಾರಣ ಇರಬೇಕು, ಅವನ ಹತ್ತಿರ ಇದ್ದದ್ದು ಕಂಪ್ಯೂಟರಿನ ಕಾರಣಗಳು, ಅದು ಹೊಂದಂಗಿಲ್ಲ, ಇದು ತರಬೇಕು, ಇದೇ ಮೊದಲ ಸಲವೋ, ಅಥವಾ ಎಲ್ಲ ಸಲವೂ ಹೀಗೆಯೋ, ಹೊಸಪೇಟೆಗೆ ಎಂದದ್ದು, ಹಡಗಲಿಗೆ ಎಂದದ್ದು, ಸಂಜೆ ಬರಿಗೈಲಿ ಬಂದು, ಸಿಗಲಿಲ್ಲ, ಎಂದದ್ದು, ಅಂಥ ದಿನ ರಾತ್ರಿ ಒಂದೆರಡು ಮಾತು ಹೆಚ್ಚು ಆಡುತ್ತಿದ್ದನಲ್ಲ, ಒಮ್ಮೆ ಹಾಡಿನ ಒಂದು ಸಾಲನ್ನೂ ಗುನುಗಿದ್ದ, ಕಾರಣ ಕೇಳಿದ್ದಕ್ಕೆ ನಿಂತುಹೋಗಿತ್ತು. ಮತ್ತು ಆ ಬೆಳಿಗ್ಗೆ, ಇದನ್ನು ಅವಳು ಯಾರಿಗೂ ಹೇಳಿಲ್ಲ, ಹೇಳುವಂಥದೇನೂ ಅದರಲ್ಲಿ ಇರಲಿಲ್ಲ, ಬಟ್ಟೆ ಒಣಹಾಕಲು ಮಾಳಿಗೆಗೆ ಹತ್ತಿದ್ದಳು, ಅಲ್ಲಿಂದ ನೀರಿನ ಟ್ಯಾಂಕು ಕಾಣುತ್ತದೆ, ಟ್ಯಾಂಕಿನ ಬುಡದಲ್ಲಿ ದಾರಿ ಒಡೆಯುತ್ತದೆ, ಅವನು ಅಲ್ಲಿ ಬೈಕು ನಿಲ್ಲಿಸಿದ್ದ, ಬಂದ್ ಮಾಡಿರಲಿಲ್ಲ, ಹಿಂದಿನಿಂದ ಹೊಗೆ ಬರುತ್ತಿತ್ತು, ಒಂದು ಕಾಲು ನೆಲಕ್ಕೆ ಊರಿದ್ದ, ಯಾರಿಗೋ ಕಾಯುತ್ತಿದ್ದಾನೆ ಅಂದುಕೊಂಡಳು, ಯಾರೂ ಬರಲಿಲ್ಲ, ಊರಿದ ಕಾಲು ಹಾಗೇ ಇತ್ತು, ಅಷ್ಟರಲ್ಲಿ ಕೆಳಗೆ ಅಮ್ಮೀ ಕೂಗಿದಳು, ಇಳಿದು ಹೋದಳು, ಅವನು ಯಾವ ಕಡೆ ತಿರುಗಿದ ಎಂದು ನೋಡಲಿಲ್ಲ.

ತಂಗೀ, ಸದ್ದು ಬಂತಲ್ಲವ್ವಾ, ನಡದೈತೇನು. ಪಂಚಾಕ್ಷರಪ್ಪನ ದನಿ ಪರದೆಗೆ ತೀರಾ ಹತ್ತಿರ ಬಂದಿತ್ತು, ವಿಭೂತಿಯ ವಾಸನೆ, ಮಸಿಯ ವಾಸನೆ, ನಡದೈತ್ರಿ ಅಣ್ಣಾರ, ಎಂದಳು, ಅಷ್ಟಕ್ಕೇ ಬಿಡಬಹುದಿತ್ತು, ಒಯ್ದು ನಡೆಸಿಕೊಳ್ಳಲಿ, ಯಾವ ಮೆಮೊರಿ ಏನು ಎಂದು ಅವರೇಕೆ ಕೇಳುತ್ತಾರೆ, ಅಂತೂ ಕೂತಿತಾ ಎಂದಾರು, ಹ್ಞೂ ಎಂದರಾಯಿತು. ಆದರೆ ಪರದೆಯ ಆಚೆ ಅವರು ಮೂಗು ಒರೆಸಿಕೊಂಡರು, ಅಂವ ಇದ್ದು ಈ ಸದ್ದು ಕೇಳಬೇಕಿತ್ತು, ಇದರ ಸಲುವಾಗಿ ಜೀವಾ ಕೊಟ್ಟ, ನನ್ನ ಕರ್ಮ ಇದು, ಇದನ್ನ ಒಯ್ದು ಯಾವ ಬಾಯಿಂದ ನಡೆಸ್ಲಿ ತಂಗೀ, ಇದರಾಗ ಮಂದಿ ಲಗ್ನಪತ್ರಿಕಿ ಹೊಡೀಲೇನು, ನಾನು ಪ್ರೆಸ್ಸು ಮಾರಿಬಿಡ್ತೀನಿ, ಎಂದರು, ಸುಮ್ಮನೆ ಹೇಳುವ ಮಾತಲ್ಲ ಅದು, ಗಟ್ಟಿ ಮಾಡಿಕೊಂಡ ಮನುಷ್ಯನ ಮೆತ್ತಗಿನ ದನಿ. ಮೂಲೆಯಲ್ಲಿ ಟಕ್, ಟಕ್. ಹೇಳಿದರೆ ಅಮ್ಮಿಯ ಹಲಾಲ್ ದುಡಿಮೆಯ ಸಾವು ಹೋಗುತ್ತದೆ, ಮಗ ಸುಳ್ಳು ಹೇಳಿ ಹೋದ ಎನ್ನುವುದು ಉಳಿಯುತ್ತದೆ, ಊರಿಗೆ ತಿಳಿದರೆ ಊರು ತನಗೆ ಬೇಕಾದ ಹೆಂಗಸನ್ನು ಹಲವಾಗಲಲ್ಲಿ ಕೂರಿಸಿಬಿಡುತ್ತದೆ, ಹೇಳದಿದ್ದರೆ ಈ ಮನುಷ್ಯ, ಒಂದು ಅವಸರದ ಮಾತಿಗೆ, ಬದುಕಿರುವ ತನಕ ಬೆಂಚಿನ ಮೇಲೆ ಬಾಗಿ ಕೂರುತ್ತಾನೆ, ಎರಡು ತಿಂಗಳು ತಾನೂ ಅವರನ್ನು ಹಾಗೆ ಕೂರಿಸಿದ್ದಳಲ್ಲ, ಒಳಗೊಳಗೆ ಹಲ್ಲು ಕಡಿದು. ಅತ್ತೆಯ ಕಡೆ ನೋಡಿದಳು, ಮುದುಕಿ ಕಣ್ಣು ಮುಚ್ಚಿಕೊಂಡಿದ್ದಳು, ಸಣ್ಣಗಾಗಿದ್ದಾಳೆ, ಮಗ ಸತ್ತ ಮೇಲೆ ಒಂದು ಹಿಡಿಯಷ್ಟಾಗಿದ್ದಾಳೆ, ಅಮ್ಮೀ ನನ್ನನ್ನ ಮಾಫ್ ಮಾಡು ಎಂದಿತು ಮನಸ್ಸು, ಬಾಯಿ ಬೇರೆ ಹೇಳಿತು.

ಅಣ್ಣಾರ, ಇಲ್ಲಿ ಕೇಳ್ರಿ. ನೀವು ದಾವಣಗೆರಿಯಿಂದ ತಂದದ್ದು ಹೊಂದಲಿಲ್ಲ. ಈಗ ನಡೀತಿರೋದು ನಿಮ್ಮ ಹಳೇ ಮೆಮೊರಿ ಮ್ಯಾಲೆ. ಅದಽ ಹೊಂದತೈತಿ. ಅವರಿಗಿ ಗೊತ್ತಿತ್ತು, ಹಾಕಿ ನೋಡಿದ್ರು ಅವತ್ತು ಬೆಳಿಗ್ಗೆ, ಸದ್ದು ನಾನಽ ಕೇಳೀನಿ. ಅವರು ಮೆಮೊರಿ ತರಾಕ ಹೋಗಿಲ್ಲರಿ ಅಣ್ಣಾರ. ನಿಮ್ಮ ಸಲುವಾಗಿ ಹೋಗಿಲ್ಲ. ನಿಮ್ಮ ಕೆಲಸ ಅವರು ಮುಗಿಸೇ ಎದ್ದಿದ್ರು, ನಾಕು ಸ್ಕ್ರೂ ಬಿಗಿಯೋದು ಉಳಿದಿತ್ತು ಅಷ್ಟಽ. ಎದಿಯಾಗಿಂದ ಇದನ್ನ ತೆಗದುಬಿಡ್ರಿ, ಪ್ರೆಸ್ಸು ಮಾರಬ್ಯಾಡ್ರಿ. ಮಣಿಯ ಸದ್ದು ನಿಂತಿತ್ತು, ಯಾವಾಗ ನಿಂತಿತೋ, ಅತ್ತೆಯ ಕಡೆ ತಿರುಗುವ ಧೈರ್ಯವಾಗಲಿಲ್ಲ, ಪರದೆಯ ಆಚೆ ಉಸಿರು, ತಡೆದಿಟ್ಟದ್ದು ಬಿಟ್ಟ ಹಾಗೆ, ಒಮ್ಮೆ, ಮತ್ತೊಮ್ಮೆ, ಬೆಂಚು ಈ ಸಲ ಕಿರ್ ಎನ್ನಲಿಲ್ಲ, ಮೂಲೆಯಲ್ಲಿ ರಹಿಮತ್ ಬೀ ಕೈಯೂರಿ ಏಳಲು ನೋಡಿ, ಆಗದೆ, ಮತ್ತೆ ಕೂತದ್ದು ಚಾಪೆಯ ಸದ್ದಿನಲ್ಲಿ ತಿಳಿಯಿತು, ಹಾಂ, ಎಂದಳು ಮುದುಕಿ, ಕೇಳಿದ್ದಕ್ಕೋ ಒಪ್ಪಿದ್ದಕ್ಕೋ ಎಂದು ತಿಳಿಯದ ಒಂದು ಹಾಂ. ಪಂಚಾಕ್ಷರಪ್ಪ, ಹಗುರಾದ ದನಿಯಲ್ಲಿ, ಹಗುರಾದದ್ದಕ್ಕೆ ತಾನೇ ನಾಚಿಕೊಂಡ ದನಿಯಲ್ಲಿ, ಮತ್ತ ಎಲ್ಲಿಗಿ ಹೊಂಟಿದ್ನವ್ವಾ ಅಂವ, ಎಂದು ಕೇಳಿದರು, ಕೇಳಬಾರದಿತ್ತು, ಯಾರಾದರೂ ಕೇಳಲೇಬೇಕಿತ್ತು, ಹೊಳೆಗೆ ಎನ್ನಲು ಬಾಯಿ ತೆರೆದಳು, ಆದರೆ ಹೊಳೆ ಎನ್ನುವುದೂ ತಾನೇ ಹುಡುಕಿದ ಉತ್ತರ, ಮುನಾವರ ಹುಡುಕಿದ ಹಾಗೆ, ಯಾರು ಕಂಡಿದ್ದಾರೆ, ಅವಳು ಕಂಡದ್ದು ಇಷ್ಟೇ, ಮಾಳಿಗೆಯ ಮೇಲಿಂದ, ಕೈಯಲ್ಲಿ ಒದ್ದೆ ಬಟ್ಟೆ, ಟ್ಯಾಂಕಿನ ಬುಡದಲ್ಲಿ ದಾರಿ ಒಡೆಯುವ ಕಡೆ ಅವನ ಬೆನ್ನು, ಬಂದ್ ಮಾಡದ ಬೈಕು, ಹಿಂದೆ ಹೊಗೆ, ಅವನು ಹಿಂದಿರುಗಿ ನೋಡಲಿಲ್ಲ, ಒಂದು ಕಡೆ ಕೊಟ್ಟೂರು, ಒಂದು ಕಡೆ ಹಲವಾಗಲು, ಹಿಂದೆ ಮನೆ, ಯಾವುದನ್ನೂ ಆರಿಸದೆ ನಿಂತಿದ್ದ ಅಷ್ಟು ಹೊತ್ತು, ಕೂಗಿದ್ದರೆ ಕೇಳುತ್ತಿತ್ತು, ನೆಲಕ್ಕೆ ಊರಿದ ಒಂದು ಕಾಲು, ಚಪ್ಪಲಿಯ ಹಿಮ್ಮಡಿ ಸವೆದದ್ದು, ನೆಲಕ್ಕೆ ಊರಿದ ಆ ಒಂದು ಕಾಲು –